ಹಿಟ್ಲರ್ ಒಬ್ಬನೇ ಮಾಡಿದ್ದಲ್ಲ

ನಮ್ಮ ಕಡೆ ಜೋರು ಮಾಡುವ ಮೇಷ್ಟ್ರಿಗೆ ‘ಹಿಟ್ಲರ್’ ಅಂತ ಅಡ್ಡಹೆಸರು ಇಡುತ್ತೇವೆ. 60 ಲಕ್ಷ ಯಹೂದಿಗಳನ್ನು ಆ ಮೀಸೆಯವನು ಒಬ್ಬನೇ ಕೊಂದ ಅನ್ನುವ ಹಾಗೆ.

ಯುರೋಪಿನಲ್ಲೂ ಈ ತಪ್ಪು ಕಲ್ಪನೆ ಹೋಗಿಲ್ಲ. ಶಾಲಾ ಮಕ್ಕಳನ್ನು ಬಸ್ಸಿನಲ್ಲಿ ಪೋಲೆಂಡಿನ ಆಷ್‌ವಿಟ್ಜ್‌ಗೆ ಕರೆದೊಯ್ದು, ಎರಡು ಮೂರು ಗಂಟೆ ತೋರಿಸಿ, ವಾಪಸ್ ಕರೆತಂದರೆ ಪಾಠ ಮುಗಿಯಿತು ಅಂದುಕೊಳ್ಳುವವರಿದ್ದಾರೆ. ಅಲ್ಲಿ ಸುಮಾರು 11 ಲಕ್ಷ ಜನ ಸತ್ತರು, ಅವರಲ್ಲಿ ಸುಮಾರು 10 ಲಕ್ಷ ಯಹೂದಿಗಳು. ನೋಡಿದವರಿಗೆ ಕಣ್ಣೀರು ಬರುತ್ತದೆ, ನಿಜ. ಆದರೆ ಕಣ್ಣೀರು ಇತಿಹಾಸದ ಪಾಠವಲ್ಲ.

ಈ ಕೊಲೆ ಶುರುವಾದದ್ದು ಕಚೇರಿಗಳಲ್ಲಿ. 1933ರಲ್ಲಿ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾಯ್ದೆ ಬಂತು. 1938ರಲ್ಲಿ ಗಂಡಸರ ಹೆಸರಿಗೆ ‘ಇಸ್ರೇಲ್’, ಹೆಂಗಸರ ಹೆಸರಿಗೆ ‘ಸಾರಾ’ ಸೇರಿಸಬೇಕೆಂಬ ಆದೇಶ. 1941ರಲ್ಲಿ ಎದೆಯ ಮೇಲೆ ಹಳದಿ ನಕ್ಷತ್ರ. ಆಮೇಲೆ ಪಟ್ಟಿ, ರೈಲು. ಹೋದವರ ಮಂಚ, ಪಾತ್ರೆ, ಬಟ್ಟೆ ಹರಾಜಿಗೆ ಬಂದವು. ಅದೇ ಊರಿನ ಜನ ಕೂಗಿ ಕೊಂಡರು. ರಾಕ್ಷಸರು ಬೇಕಿರಲಿಲ್ಲ. ರಿಜಿಸ್ಟರ್ ಬರೆಯುವವರು, ಸೀಲು ಒತ್ತುವವರು ಸಾಕಿತ್ತು.

ಕಾಗದ ಓದಿ ಎದ್ದು ನಿಂತವನೂ ಒಬ್ಬನಿದ್ದ. ಲೋಥಾರ್ ಕ್ರೈಸಿಗ್ ಎಂಬ ನ್ಯಾಯಾಧೀಶ. 1940ರಲ್ಲಿ ತನ್ನ ನ್ಯಾಯಾಲಯದ ಪಾಲನೆಯಲ್ಲಿದ್ದ ಮಾನಸಿಕ ರೋಗಿಗಳ ಸಾವಿನ ಪತ್ರಗಳು ಸಾಲಾಗಿ ಬಂದಾಗ ಅನುಮಾನಪಟ್ಟ. ಇದು ಕೊಲೆ ಅಂತ ದೂರು ಕೊಟ್ಟ. ನೌಕರಿ ಹೋಯಿತು, ಆದರೆ ಬದುಕಿದ. 1958ರಲ್ಲಿ ಅವನೇ ಕರೆಕೊಟ್ಟು ಕಟ್ಟಿದ ಸಂಸ್ಥೆ ಇವತ್ತಿಗೂ ಜರ್ಮನಿಯ ಯುವಕ ಯುವತಿಯರನ್ನು ಇಸ್ರೇಲ್, ಪೋಲೆಂಡ್ ಮುಂತಾದ ದೇಶಗಳಿಗೆ ಸುಮಾರು ಒಂದು ವರ್ಷ ಕಳಿಸುತ್ತದೆ. ಬದುಕುಳಿದ ವೃದ್ಧರ ಜೊತೆ, ಸ್ಮಾರಕಗಳಲ್ಲಿ ಅವರು ದುಡಿಯುತ್ತಾರೆ. ವಸತಿಯೂ ಕೈಖರ್ಚಿಗೆ ಹಣವೂ ಸಿಗುತ್ತದೆ.

ನನ್ನ ವಾದ ಇಷ್ಟೇ: ಕಲಿಕೆ ಅಂದರೆ ಇದು. ತಿಂಗಳುಗಟ್ಟಲೆ ಕೆಲಸ ಮಾಡಬೇಕು, ಕಡತ ಓದಬೇಕು, ಒಂದೊಂದು ಹೆಸರಿನ ಜಾಡು ಹಿಡಿಯಬೇಕು. ಆಮೇಲೆ ಬೇಕಾದರೆ ಆಷ್‌ವಿಟ್ಜ್ ನೋಡಲಿ. ಇನ್ನೊಂದು ಮಾತು: ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡಲು ಅಪ್ಪನ ಹತ್ತಿರ ದುಡ್ಡಿರಬೇಕು. ಬಡವರ ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿ ಮನುಷ್ಯತ್ವದ ಪಾಠ ಹೇಳುವುದು ಹಾಸ್ಯಾಸ್ಪದ.

ಪಟ್ಟಿ ನೋಡಲು ಜರ್ಮನಿಗೇ ಹೋಗಬೇಕಿಲ್ಲ. ಆರೋಲ್ಸನ್ ದಾಖಲೆ ಸಂಗ್ರಹದಲ್ಲಿ ನಾಜಿಗಳ ಕೈಗೆ ಸಿಕ್ಕ ಸುಮಾರು 1.75 ಕೋಟಿ ಜನರ ಮಾಹಿತಿ ಇದೆ. ಅಲ್ಲಿನ ಹಳೆಯ ಕಾರ್ಡುಗಳ ಹೆಸರುಗಳನ್ನು ಇಂಟರ್ನೆಟ್‌ನಲ್ಲೇ ಟೈಪ್ ಮಾಡಿ ಸೇರಿಸುವ ‘ಎವ್ರಿ ನೇಮ್ ಕೌಂಟ್ಸ್’ ಯೋಜನೆಯನ್ನು 2020ರಲ್ಲಿ ಶುರುಮಾಡಿದರು. ಹತ್ತು ಕಾರ್ಡು ತುಂಬಿದ ಹುಡುಗನ ಬಾಯಲ್ಲಿ ಮೇಷ್ಟ್ರಿಗೆ ಆ ಅಡ್ಡಹೆಸರು ಬರಲಾರದು. ಈ ಕಾರ್ಡು ಬರೆದ ಗುಮಾಸ್ತ ಯಾರು ಅಂತ ಅವನು ಕೇಳುತ್ತಾನೆ.