ಪ್ರೇತದ ಅಹವಾಲು

ದೆವ್ವದ ಮಾತು ಬಂದೊಡನೆ ನಾವು ಎರಡು ಪಂಗಡವಾಗುತ್ತೇವೆ. ‘ಇದ್ದರೂ ಇರಬಹುದು’ ಎನ್ನುವವರು ಕೆಲವರು, ನಕ್ಕು ಸುಮ್ಮನಾಗುವವರು ಕೆಲವರು. ನಾನು ನಗುವವರ ಪಂಗಡಕ್ಕೆ ಸೇರಿದವನು. ಆದರೆ ಸ್ಕಾಟ್ಲೆಂಡಿನ ಮಾಂಟ್ರೋಸ್ ವಿಮಾನ ನೆಲೆಯ ಪ್ರೇತದ ವೃತ್ತಾಂತವನ್ನು ಓದಿದಾಗ ನನ್ನ ನಗು ಅರ್ಧಕ್ಕೇ ನಿಂತಿತು.

ಮಾಂಟ್ರೋಸ್ ಆ ನಾಡಿನ ಪೂರ್ವ ಕರಾವಳಿಯ ಸಣ್ಣ ಪಟ್ಟಣ. 1913ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ನ ಎರಡನೆಯ ಸ್ಕ್ವಾಡ್ರನ್ ಅದರ ಸಮೀಪದಲ್ಲಿ ಬೀಡುಬಿಟ್ಟಿತು. ಮೇ 27ರಂದು ಡೆಸ್ಮಂಡ್ ಆರ್ಥರ್ ಎಂಬ ಐರಿಷ್ ಲೆಫ್ಟಿನೆಂಟ್ ಹಾರಿಸುತ್ತಿದ್ದ ವಿಮಾನದ ಬಲರೆಕ್ಕೆ ಆಕಾಶದಲ್ಲಿಯೇ ಮುರಿಯಿತು. ಆತ ಬಿದ್ದು ಸತ್ತ. ರಾಯಲ್ ಏರೋ ಕ್ಲಬ್ ವಿಚಾರಣೆ ನಡೆಸಿತು. ರೆಕ್ಕೆಯೊಳಗಿನ ಮರದ ತೊಲೆ ಮೊದಲೇ ಮುರಿದಿತ್ತು. ಯಾರೋ ಅದನ್ನು ಒರಟಾಗಿ ಜೋಡಿಸಿ, ಮೇಲೆ ಹೊಸ ಬಟ್ಟೆ ಹೊದಿಸಿ ಮರೆಮಾಡಿದ್ದರು ಎಂಬುದು ಅದರ ತೀರ್ಮಾನ.

ಮೂರು ವರ್ಷ ಕಳೆಯಿತು. ಮಹಾಯುದ್ಧದ ನಡುವೆ, 1916ರಲ್ಲಿ, ವಾಯುದಳದ ಆಡಳಿತವನ್ನು ಕುರಿತು ಪಾರ್ಲಿಮೆಂಟಿನಲ್ಲಿ ಉಗ್ರ ಆರೋಪಗಳೆದ್ದವು. ಸರಕಾರ ಸಮಿತಿಯೊಂದನ್ನು ನೇಮಿಸಿತು. ಸಮಿತಿಯ ಮೊದಲ ವರದಿ ಆ ಕಳ್ಳ ದುರಸ್ತಿಯ ಮಾತನ್ನು ತಳ್ಳಿಹಾಕಿ, ತಪ್ಪನ್ನು ಸತ್ತವನ ತಲೆಗೇ ಕಟ್ಟಿತೆಂದು ಕಥೆ ಹೇಳುವವರ ಮಾತು. ಆ ಶರತ್ಕಾಲದಲ್ಲಿಯೇ ಪ್ರೇತ ಕಾಣಿಸಿಕೊಂಡಿತಂತೆ: ಹಾರಾಟದ ಉಡುಪು ತೊಟ್ಟ ಆಕೃತಿಯೊಂದು ಅಧಿಕಾರಿಗಳ ಭೋಜನಶಾಲೆಯ ಬಾಗಿಲವರೆಗೆ ನಡೆದು ಮಾಯವಾಗುತ್ತಿತ್ತು. ಅಂತಿಮ ವರದಿ ಆತನನ್ನು ದೋಷಮುಕ್ತನನ್ನಾಗಿ ಮಾಡಿತು. 1917ರ ಜನವರಿಯ ನಂತರ ಆಕೃತಿ ಕಾಣಲಿಲ್ಲ.

ಇಲ್ಲಿ ಸಂಶಯಕ್ಕೆ ಎಡೆ ಬೇಕಾದಷ್ಟಿದೆ. ಕಥೆ ಅಚ್ಚಿನಲ್ಲಿ ಹೆಸರಾದದ್ದು 1920ರಲ್ಲಿ, ‘ದಿ ಏರೋಪ್ಲೇನ್’ ಪತ್ರಿಕೆಯ ಸಂಪಾದಕ ಸಿ. ಜಿ. ಗ್ರೇ ಬರೆದ ಮೇಲೆ. ಎಲ್ಲವೂ ಮುಗಿದ ಬಳಿಕ ಘಟನೆಗಳನ್ನು ಹೊಂದಿಸುವುದು ಸುಲಭ. ಇನ್ನೊಂದು ಸಂಗತಿಯೂ ಉಂಟು. ಆರ್ಥರ್ ಸತ್ತಾಗ ದಳ ಅಪ್ಪರ್ ಡೈಸಾರ್ಟ್ ಎಂಬಲ್ಲಿತ್ತು. ಪ್ರೇತ ನಡೆದಾಡಿದ ಬ್ರೂಮ್‌ಫೀಲ್ಡಿಗೆ ದಳ ಸ್ಥಳ ಬದಲಾಯಿಸಿದ್ದು ಆತ ಸತ್ತು ಅರ್ಧ ವರ್ಷ ಕಳೆದ ಮೇಲೆ. ತಾನು ಎಂದೂ ಊಟಮಾಡದ ಭೋಜನಶಾಲೆಯನ್ನು ಪ್ರೇತ ಹುಡುಕಿಕೊಂಡು ಹೋದದ್ದು ಹೇಗೆ?

ನಗುವವನಿಗೆ ಇಷ್ಟು ಸಾಕು. ಆದರೆ ನನಗೆ ಕಥೆಯ ಜೀವ ಇರುವುದೇ ಈ ತಪ್ಪಿನಲ್ಲಿ. ದೇಹ ಬಿದ್ದ ಹೊಲಕ್ಕೆ ಪ್ರೇತ ಹೋಗಲಿಲ್ಲ. ಸಹೋದ್ಯೋಗಿಗಳು ಕುಳಿತು ಉಣ್ಣುವಲ್ಲಿಗೆ ಬಂತು. ಆಸೆ ತೀರದೆ ಸತ್ತವನು ಅಲೆಯುತ್ತಾನೆಂದು ನಮ್ಮ ಹಳ್ಳಿಗಳಲ್ಲಿಯೂ ಹೇಳುತ್ತಾರೆ. ಇವನಿಗೆ ತೀರದೆ ಉಳಿದದ್ದು ಹೆಸರು. ಸತ್ತವನು ಸಾಕ್ಷಿ ನುಡಿಯಲಾರ. ಬದುಕಿದ್ದವರು, ನಾಳೆ ಅಂಥದೇ ರೆಕ್ಕೆಯನ್ನು ನಂಬಿ ಮೇಲೇರಬೇಕಾದವರು, ಅವನಿಗಾಗಿ ಒಂದು ರೂಪವನ್ನು ಕಲ್ಪಿಸಿಕೊಂಡರು. ಕಡತದ ಮಾತಿಗೆ ಎದುರಾಗಿ ಅವರು ಸಲ್ಲಿಸಿದ ಅಹವಾಲೇ ಆ ಪ್ರೇತ ಎಂದು ನಾನು ತಿಳಿಯುತ್ತೇನೆ.

ಆದರೂ ಕಥೆಯ ಮೇಲೆ ನನ್ನದೊಂದು ದೂರಿದೆ. ಅದು ಬೇಗ ತೃಪ್ತಿಪಟ್ಟಿತು. ಹೆಸರಿಗೆ ಹತ್ತಿದ ಮಸಿ ತೊಳೆಯಿತು, ಪ್ರೇತ ಮಲಗಿತು, ಕೇಳುಗ ನಿಟ್ಟುಸಿರಿಟ್ಟ. ಮುರಿದ ತೊಲೆಗೆ ಬಟ್ಟೆ ಹೊದಿಸಿದ ಕೈ ಯಾರದೆಂಬುದು ಮಾತ್ರ ಹೊರಬರಲೇ ಇಲ್ಲ. ಇಂದು ಆ ನೆಲೆ ವಸ್ತುಸಂಗ್ರಹಾಲಯವಾಗಿದೆ. ವಿದ್ಯುತ್ ಸಂಪರ್ಕವಿಲ್ಲದ ಹಳೆಯ ರೇಡಿಯೊ ಒಂದು ಅಲ್ಲಿ ತಾನಾಗಿ ಹಾಡುತ್ತದೆಂದು ಸುದ್ದಿಯಾಗಿತ್ತು. ಕುತೂಹಲಕ್ಕೆ ಅದು ಸಾಕು; ಅದರ ಹಾಡಿನಲ್ಲಿ ಯಾರ ಅಹವಾಲೂ ಇಲ್ಲ.

ದೆವ್ವವುಂಟೆ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ನಾನು ಈಗಲೂ ಹೇಳುವೆನು. ಆದರೆ ಊರೊಂದು ದೆವ್ವದ ಮಾತಾಡುವಾಗ, ಅಲ್ಲಿ ಯಾರ ಲೆಕ್ಕ ಚುಕ್ತಾ ಆಗದೆ ಉಳಿದಿದೆಯೆಂದು ವಿಚಾರಿಸದೆ ಎದ್ದುಹೋಗಲಾರೆ.