ಪಾನಾಭಿರುಚಿಯೂ ಅಬಕಾರಿಯೂ

ಮಧುಗಿರಿ ತಾಲ್ಲೂಕಿನ ಪುರವರದ ಕಡೆಯ ಒಂದು ಮದುವೆಯ ಚಪ್ಪರದಲ್ಲಿ, ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವ, ಓದಿಕೊಂಡವನೂ ವಿನಯವಂತನೂ ಆದ ತರುಣನೊಬ್ಬನು ಊಟದ ಅನಂತರದ ಮಾತುಕತೆಯಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದನು. ಮನುಷ್ಯನ ಸಂಸ್ಕಾರವನ್ನು ಅವನ ಕೈಯಲ್ಲಿರುವ ಲೋಟದಿಂದ ಅಳೆಯಬಹುದು. ಬಿಯರು ಬಾಯಾರಿದವನ ಪಾನ, ವೈನು ರಸಿಕನ ಪಾನ. ಇನ್ನು ನಮ್ಮ ಹಳ್ಳಿಯವರು ಹಲ್ಲಿನಲ್ಲಿ ಕಚ್ಚಿ ಹರಿಯುವ ‘ನೈಂಟಿ’ಯ ಪೊಟ್ಟಣವಿದೆಯಲ್ಲ, ಅದಕ್ಕೂ ಅಭಿರುಚಿಗೂ ಯಾವ ಸಂಬಂಧವೂ ಇಲ್ಲ. ಇದು ಅವನೊಬ್ಬನ ಮಾತಾಗಿದ್ದರೆ ನಕ್ಕು ಬಿಡಬಹುದಾಗಿತ್ತು. ಆದರೆ ಇಂದು ನಗರದ ಸುಶಿಕ್ಷಿತರಲ್ಲಿ ಇದು ಸರ್ವಸಮ್ಮತವಾದ ಅಭಿಪ್ರಾಯವಾಗಿ ಚಲಾವಣೆಯಲ್ಲಿರುವುದರಿಂದ, ಅದರ ತಿರುಳನ್ನು ಪರೀಕ್ಷಿಸುವುದು ಅನುಚಿತವಾಗಲಾರದು. ನನ್ನ ಮತವನ್ನು ಮೊದಲೇ ಹೇಳಿಬಿಡುತ್ತೇನೆ: ಪಾನದ ಅಭಿರುಚಿಯೆಂದು ನಾವು ಹೆಮ್ಮೆಯಿಂದ ಕರೆಯುವುದರಲ್ಲಿ ನಾಲಗೆಯ ಪಾಲು ಅತ್ಯಲ್ಪ, ನೆಲದ ಪಾಲು, ಜಾತಿಮರ್ಯಾದೆಯ ಪಾಲು, ಎಲ್ಲಕ್ಕಿಂತ ಹೆಚ್ಚಾಗಿ ಅಬಕಾರಿ ಇಲಾಖೆಯ ಪಾಲು ಅಧಿಕ.

ಮದ್ಯದಲ್ಲಿ ಮೇಲುಕೀಳುಗಳನ್ನೆಣಿಸುವುದು ಯೂರೋಪಿನಿಂದ ಹಡಗೇರಿ ಬಂದ ವಿದ್ಯೆಯೇನೂ ಅಲ್ಲ. ಕೌಟಿಲ್ಯನು ಸುರಾಧ್ಯಕ್ಷನ ಕರ್ತವ್ಯಗಳನ್ನು ವಿಧಿಸುವ ಪ್ರಕರಣದಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಗಳನ್ನು ವಿವರಿಸಿ, ದ್ರಾಕ್ಷಾರಸದಿಂದಾದ ಮಧುವನ್ನು ಮಾತ್ರ ಅದು ಹುಟ್ಟಿದ ದೇಶದಿಂದಲೇ ಗುರುತಿಸಿ, ಕಾಪಿಶಾಯನ, ಹಾರಹೂರಕ ಎಂದು ಹೆಸರಿಸುತ್ತಾನೆ. ಶೀಶೆಯ ಮೇಲಿನ ಕಣಿವೆಯ ಹೆಸರನ್ನೋದಿ ತಲೆದೂಗುವ ನಮ್ಮ ರಸಿಕರು, ತಾವು ಬಹು ಪುರಾತನನಾದ ಒಬ್ಬ ಅಬಕಾರಿ ಶಾಸ್ತ್ರಕಾರನ ಹೆಜ್ಜೆಯಲ್ಲಿಯೇ ನಡೆಯುತ್ತಿರುವೆವೆಂಬುದನ್ನು ಅರಿಯರು. ಮನುವಾದರೋ ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು, ಅಂದರೆ ಬೆಲ್ಲದ್ದು, ಹಿಟ್ಟಿನದು, ಮಧುವಿನದು ಎಂದು ಮೂರಾಗಿ ವಿಂಗಡಿಸಿ, ಒಂದು ಹೇಗೋ ಉಳಿದೆರಡೂ ಹಾಗೆಯೇ, ದ್ವಿಜೋತ್ತಮರು ಯಾವುದನ್ನೂ ಮುಟ್ಟತಕ್ಕದ್ದಲ್ಲ ಎಂದು ತೀರ್ಪಿತ್ತನು. ಅನ್ಯ ವಿಷಯಗಳಲ್ಲಿ ಮನುವಿನಲ್ಲಿ ಕಾಣದ ಸಮದೃಷ್ಟಿ ಈ ಒಂದೆಡೆಯಲ್ಲಿ ಕಾಣುವುದು ಸೋಜಿಗವೇ ಸರಿ.

ಇಲ್ಲಿ ಒಂದು ಆಕ್ಷೇಪಣೆಗೆ ಗೌರವ ಸಲ್ಲಬೇಕು. ಸಂಗೀತದಲ್ಲಿ ಶ್ರುತಿಜ್ಞಾನವು ಅಭ್ಯಾಸದಿಂದ ಬರುವಂತೆ ನಾಲಗೆಗೂ ಮೂಗಿಗೂ ಶಿಕ್ಷಣವುಂಟು. ದ್ರಾಕ್ಷಿಯ ತಳಿ, ಮಣ್ಣು, ಆ ವರ್ಷದ ಮಳೆಬಿಸಿಲು, ಪೀಪಾಯಿಯ ಮರ, ಇವುಗಳ ಗುರುತು ರಸದಲ್ಲಿ ಉಳಿಯುವುದು ದಿಟ. ಅದನ್ನು ವರ್ಷಗಟ್ಟಲೆ ಸಾಧಿಸಿದವರ ವಿವೇಚನೆಯನ್ನು ಆಡಂಬರವೆಂದು ತಳ್ಳಿಹಾಕುವುದು ಅರಸಿಕತೆ. ಒಪ್ಪುತ್ತೇನೆ. ಆದರೆ ಆ ವಿದ್ಯೆಗೂ ಕಣ್ಣಿನ ಹಂಗು ತಪ್ಪಿದ್ದಲ್ಲ. 2001ರಲ್ಲಿ ಬೋರ್ಡೋ ನಗರದ ಸಂಶೋಧಕ ಫ್ರೆಡರಿಕ್ ಬ್ರೋಶೆ ಎಂಬಾತನು, ವೈನ್ ವಿದ್ಯೆಯನ್ನೇ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ಬಣ್ಣಿಸಿದರು. 1976ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ಪರೀಕ್ಷಕರೇ, ಶೀಶೆಯ ಗುರುತನ್ನು ಮರೆಮಾಡಿ ಕೊಟ್ಟಾಗ, ತಮ್ಮ ನಾಡಿನ ಸುಪ್ರಸಿದ್ಧ ಮದ್ಯಗಳಿಗಿಂತ ಕ್ಯಾಲಿಫೋರ್ನಿಯದವಕ್ಕೆ ಹೆಚ್ಚಿನ ಅಂಕವನ್ನಿತ್ತರು. ಕೆಂಪು ವೈನು ಹೃದಯಕ್ಕೆ ಹಿತವೆಂಬ ವಾದವನ್ನು, ಔಷಧವೆಂದು ಹೇಳಿಕೊಂಡು ಕುಡಿಯಬೇಕಾದವರಿಗೇ ಬಿಟ್ಟುಬಿಡೋಣ.

ನಾನು ಆ ತರುಣನಿಗೆ ಹೇಳಬೇಕೆಂದಿದ್ದುದು ಬೇರೆ. ರಸವಿವೇಚನೆಯು ದ್ರಾಕ್ಷಿಯ ಜೊತೆಗೆ ಬಂದುದಲ್ಲ. ಈ ನೆಲದಲ್ಲಿ ಅದು ಮೊದಲೇ ಇತ್ತು. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡಗಳ ಹಳ್ಳದ ಅಂಚುಗಳಲ್ಲಿ, ಕೆರೆಯ ಹಿಂದಣ ತಗ್ಗುಗಳಲ್ಲಿ, ಬೇರೆ ಮರಗಳು ಹಿಂಜರಿಯುವ ಚೌಳುನೆಲದಲ್ಲಿ ಈಚಲು ತಾನಾಗಿ ಎದ್ದು ನಿಲ್ಲುತ್ತದೆ. ಹಳೆಯ ಮೈಸೂರಿನ ಭೂದಾಖಲೆಗಳಲ್ಲಿ ‘ಸೇಂದಿವನ’ವೆಂದು ಬರೆದ ಜಮೀನುಗಳು ಇದರ ಸಾಕ್ಷಿ. ಮರದ ತಲೆಯ ಕೆಳಗೆ ಹಸಿ ಕಾಂಡವನ್ನು ಕೆತ್ತಿ, ಗಾಯದ ಬಾಯಿಗೆ ಮಡಕೆ ಕಟ್ಟಿ, ಮುಂದಿನ ಸರದಿಗೆ ಎದುರು ಮಗ್ಗುಲನ್ನು ಕೆತ್ತುತ್ತಾ ಹೋಗುವುದರಿಂದ, ಬಹುಕಾಲ ಇಳಿಸಿದ ಮರದ ಕಾಂಡವು ಅಂಕುಡೊಂಕಾಗಿ ಮೇಲೇರಿರುತ್ತದೆ. ಬಲ್ಲವರು ಆ ಕಚ್ಚುಗಳನ್ನು ನೋಡಿ ಮರದ ವಯಸ್ಸನ್ನು ಹೇಳುತ್ತಾರೆ. ಛಳಿಗಾಲದ ರಾತ್ರಿಯಲ್ಲಿ ಸೋರಿದ ರಸವು ಬೆಳಗಿನ ಜಾವಕ್ಕೆ ತಿಳಿಯಾಗಿ ಸಿಹಿಯಾಗಿರುತ್ತದೆ. ಮಡಕೆಗೆ ಸುಣ್ಣ ಬಳಿದಿದ್ದರೆ ಅದು ನೀರಾ ಆಗಿಯೇ ಉಳಿದೀತು; ಬಳಿಯದಿದ್ದರೆ ಹಿಂದಿನ ದಿನದ ಮಡ್ಡಿಯೂ ಗಾಳಿಯ ಹುದುಗೂ ಸೇರಿ ಬಿಸಿಲೇರುವ ಹೊತ್ತಿಗೆ ನೊರೆಯೆದ್ದು, ಮಧ್ಯಾಹ್ನಕ್ಕೆ ಮತ್ತೇರಿ, ಸಂಜೆಗೆ ಹುಳಿಯಾಗಿ, ಮರುದಿನ ವಿನಿಗರಿನ ದಾರಿ ಹಿಡಿಯುತ್ತದೆ. ಒಂದೇ ಮಡಕೆಯಲ್ಲಿ ಒಂದೇ ದಿನದೊಳಗೆ ಮೂರು ನಾಲ್ಕು ಪಾನೀಯಗಳು ಹುಟ್ಟಿ ಸಾಯುತ್ತಿದ್ದುವು; ಕುಡಿಯುವವನು ತನ್ನ ಹೊತ್ತನ್ನು ತಾನು ಆರಿಸಿಕೊಳ್ಳುತ್ತಿದ್ದನು. ಹಳ್ಳದ ಮರದ್ದು ತೆಳು, ದಿಬ್ಬದ ಮರದ್ದು ಗಟ್ಟಿ, ಹೊಸ ಕೆತ್ತಿನದು ಒಗರು, ಇಂಥವರು ಇಳಿಸಿದ್ದು ಶುದ್ಧ ಎಂದು ಹುರುಳಿ ಗುಗ್ಗರಿಯನ್ನೋ ಹುರಿದ ಕಡಲೆಕಾಯನ್ನೋ ಮುಂದಿಟ್ಟುಕೊಂಡು ತರ್ಕಿಸುತ್ತಿದ್ದ ಅನಕ್ಷರಸ್ಥ ಹಿರಿಯರ ಮಾತಿಗೂ, ಬರ್ಗಂಡಿಯ ಇಳಿಜಾರುಗಳ ವಿಚಾರವಾಗಿ ಫ್ರಾನ್ಸಿನವರು ಬರೆದ ಗ್ರಂಥಗಳಿಗೂ ನನಗೆ ವ್ಯತ್ಯಾಸ ತೋರುವುದು ಚರ್ಮದ ರಟ್ಟಿನಲ್ಲಿ ಮಾತ್ರ. ಸ್ಮೃತಿಕಾರ ಪುಲಸ್ತ್ಯನ ಹೆಸರಿನಲ್ಲಿ ನಡೆದುಬಂದಿರುವ ಹನ್ನೊಂದು ಮದ್ಯಗಳ ಪಟ್ಟಿಯಲ್ಲಿ ದ್ರಾಕ್ಷಿಯದೂ ಈಚಲಿನ ಬಳಗದ ಖರ್ಜೂರದ್ದೂ ಒಂದೇ ಪಂಕ್ತಿಯಲ್ಲಿ ಕುಳಿತಿವೆಯಷ್ಟೆ. ಪಂಕ್ತಿಭೇದ ಮಾಡಿದವರು ಆಮೇಲಿನವರು. ಕನ್ನಡದ ಅತ್ಯಂತ ಪ್ರಸಿದ್ಧ ಪಾನಪ್ರಿಯನಾದ ರತ್ನನನ್ನು ಸೃಷ್ಟಿಸಿದ ಜಿ. ಪಿ. ರಾಜರತ್ನಂ ಅವರು, ಸ್ವತಃ ಆ ಗೊಡವೆಗೆ ಹೋಗದವರಾಗಿಯೂ, ಅವನ ಕೈಗೆ ವಿಲಾಯತಿಯ ಶೀಶೆಯನ್ನು ಕೊಡಲಿಲ್ಲ, ಹೆಂಡವನ್ನೇ ಕೊಟ್ಟರು. ರತ್ನನ ತತ್ತ್ವಜ್ಞಾನಕ್ಕೆ ಅದರಿಂದ ಯಾವ ಊನವೂ ಆಗಲಿಲ್ಲ.

ಈ ಅಭಿರುಚಿ ಎಲ್ಲಿ ಹೋಯಿತು? ಜನರ ನಾಲಗೆ ಬದಲಾದುದರಿಂದ ಹೋದುದಲ್ಲ. 2004ರಲ್ಲಿ ಸರಕಾರವು ಕರಾವಳಿಯ ದಕ್ಷಿಣ ಕನ್ನಡ, ಉಡುಪಿಗಳನ್ನು ಬಿಟ್ಟು ರಾಜ್ಯದ ಉಳಿದೆಡೆಗಳಲ್ಲಿ ಹೆಂಡವನ್ನು ನಿಷೇಧಿಸಿತು. ಕಾರಣವಿಲ್ಲದೆ ಅಲ್ಲ: ಮರಗಳು ಸಾಲದ ಕಡೆಗಳಲ್ಲಿ ಗುತ್ತಿಗೆದಾರರು ಕ್ಲೋರಲ್ ಹೈಡ್ರೇಟ್ ಪುಡಿಯನ್ನು ನೀರಿಗೆ ಕಲಸಿ ಹೆಂಡವೆಂದು ಮಾರಿ ಬಡವರ ನರಗಳನ್ನು ಕೆಡಿಸುತ್ತಿದ್ದರು. ಆದರೆ ಶಿಕ್ಷೆ ಪುಡಿಗೆ ಬೀಳುವುದಕ್ಕೆ ಬದಲಾಗಿ ಮರಕ್ಕೆ ಬಿದ್ದಿತು. ಮರವನ್ನೇ ನಂಬಿದ್ದ ಈಡಿಗರ ಕಸುಬಿಗೆ ಬಿದ್ದಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಅದೇ 2007ರಲ್ಲಿ, ಓದುಗರು ಇದನ್ನು ಗಮನಿಸಬೇಕು, ರಾಜ್ಯವು ದ್ರಾಕ್ಷಾ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿ, ದ್ರಾಕ್ಷಿಯ ಮದ್ಯಕ್ಕೆ ಉತ್ತೇಜನದ ಬಾಗಿಲನ್ನು ತೆರೆಯಿತು. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಸೀಮೆಯಲ್ಲಿ 1988ರಷ್ಟು ಹಿಂದೆಯೇ ಗ್ರೋವರ್ ಮನೆತನವು ಫ್ರಾನ್ಸಿನ ತಳಿಗಳನ್ನು ತಂದು ನೆಟ್ಟಿತ್ತು; ಒಳ್ಳೆಯ ಕೆಲಸ, ರೈತನಿಗೆ ಲಾಭವಾದರೆ ಯಾರಿಗೂ ಮತ್ಸರವಿಲ್ಲ. ಆದರೆ ಅಲ್ಲಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಪುರವರದ ಹಳ್ಳದ ಮರದಿಂದ ಇಳಿದ ರಸವು ಅಪರಾಧವಾಗಿ, ನಂದಿಯ ತಪ್ಪಲಿನ ಬಳ್ಳಿಯಿಂದ ಹಿಂಡಿದ ರಸವು ಉದ್ಯಮವಾಗುವುದು ಯಾವ ರಸಶಾಸ್ತ್ರದ ಪ್ರಕಾರ? ಬಳ್ಳಿಗೆ ಬಂಡವಾಳವಿತ್ತು, ಮರಕ್ಕೆ ಇರಲಿಲ್ಲ. ಬೇರೆ ಉತ್ತರವು ನನಗೆ ಹೊಳೆಯುವುದಿಲ್ಲ.

ಹೀಗೆ ನೂರರಲ್ಲಿ ನಾಲ್ಕೈದು ಪಾಲು ಮದ್ಯಸಾರವಿರುವ, ಬಿಯರಿಗೆ ಸರಿದೂಗುವ ಹೆಂಡವನ್ನು ಕಳೆದುಕೊಂಡ ಕೂಲಿಯವನ ಕೈಗೆ ಬಂದುದು ತೊಂಬತ್ತು ಮಿಲಿಲೀಟರಿನ ರಟ್ಟಿನ ಪೊಟ್ಟಣ. ಅದರ ಬಲ ನೂರಕ್ಕೆ 42.8. ‘ಎಣ್ಣೆ’ ಎಂದು ಅವನು ಅದನ್ನು ಕರೆಯುತ್ತಾನೆ. ಅದರ ಮೇಲೆ ವಿಸ್ಕಿಯೆಂದೋ ಬ್ರಾಂದಿಯೆಂದೋ ರಮ್ಮೆಂದೋ ಬರೆದಿರುತ್ತದೆ. ಒಳಗಿರುವುದು ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಒಂದೇ ಸಾರ, ಬಣ್ಣ ಪರಿಮಳಗಳು ಬೇರೆ. ಕಾಕಂಬಿಯ ಸಾರವನ್ನು ವಿಸ್ಕಿಯೆಂದು ಮಾರಲು ಯೂರೋಪಿನ ಒಕ್ಕೂಟದಲ್ಲಿ ಅವಕಾಶವೇ ಇಲ್ಲ. ಹೀಗಿರಲು ‘ನಾನು ಬ್ರಾಂದಿಯವನು, ಅವನು ವಿಸ್ಕಿಯವನು’ ಎಂಬ ನಮ್ಮ ಅಂಗಡಿಗಳ ಮುಂದಣ ಬಣಗಳು ಅಭಿರುಚಿಯ ಬಣಗಳೋ, ಚೀಟಿಯ ಬಣಗಳೋ? ಬಿಯರಿನ ಕಥೆಯೂ ಇಷ್ಟೆ. ದಂಡಿನ ಗೋರಾ ಸಿಪಾಯಿಗಳ ದಾಹಕ್ಕೆಂದು ಬಂದ ಪಾನೀಯವದು; 1915ರಲ್ಲಿ ಥಾಮಸ್ ಲೀಷ್ಮನ್ ಎಂಬಾತನು ದಕ್ಷಿಣದ ಕೆಲವು ಬಿಯರು ಭಟ್ಟಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸನ್ನು ಕಟ್ಟಿದನು. ಇಂಗ್ಲೆಂಡಿನಲ್ಲಿ ಕೂಲಿಕಾರನ ಪಾನವಾಗಿದ್ದುದು ಬೆಂಗಳೂರಿನ ಪಬ್ಬುಗಳಲ್ಲಿ ನಾಗರಿಕತೆಯ ಲಕ್ಷಣವಾಯಿತು. ನಮ್ಮ ದೇಶದಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ‘ಸ್ಟ್ರಾಂಗ್’ ಆಗಿರುವುದಾದರೂ ಭಾರತೀಯನ ಜಿಹ್ವೆಗೆ ತೀಕ್ಷ್ಣತೆ ಪ್ರಿಯವೆಂದಲ್ಲ. ಕೊಟ್ಟ ಕಾಸಿಗೆ ಹೆಚ್ಚು ಮತ್ತು ಬೇಕೆಂದು.

ಇನ್ನೂ ಸಂಶಯವಿದ್ದವರು ನಮ್ಮ ಗಡಿಯನ್ನು ನೋಡಬಹುದು. ಪಾವಗಡವು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. ಮಧುಗಿರಿಯ ಪೂರ್ವದಂಚಿನಿಂದ ಹಿಂದೂಪುರ, ಮಡಕಶಿರಾಗಳು ದೂರವಲ್ಲ. ನುಡಿ, ನಂಟಸ್ತಿಕೆ, ಬೆಳೆ, ಬಿಸಿಲು ಎರಡು ಕಡೆಯೂ ಒಂದೇ. 2019ರ ಅಕ್ಟೋಬರಿನಲ್ಲಿ ಆಂಧ್ರ ಸರಕಾರವು ಮದ್ಯದಂಗಡಿಗಳನ್ನು ತಾನೇ ವಹಿಸಿಕೊಂಡು, ಪರಿಚಿತವಾದ ಹೆಸರುಗಳು ಮಾಯವಾಗಿ ಕೇಳರಿಯದ ಹೆಸರುಗಳು ಕಪಾಟೇರಿ, ಬೆಲೆಯೂ ಗಗನಕ್ಕೇರಿದಾಗ, ಕರ್ನಾಟಕದ ಪೊಟ್ಟಣಗಳು ಗಡಿ ದಾಟತೊಡಗಿದುವು. 2024ರ ಅಕ್ಟೋಬರಿನಲ್ಲಿ ಖಾಸಗಿ ಅಂಗಡಿಗಳು ಅಲ್ಲಿ ಮರಳಿದುವು. ಆ ಐದು ವರ್ಷ ಹಿಂದೂಪುರದವರಿಗೆ ಕನ್ನಡನಾಡಿನ ಪೊಟ್ಟಣವೇ ಪ್ರಿಯವಾಗಿದ್ದಿತಲ್ಲ, ಅದನ್ನು ವೈಯಕ್ತಿಕ ಅಭಿರುಚಿಯೆಂದು ಯಾವ ಪ್ರಾಜ್ಞನು ಕರೆದಾನು?

ನನ್ನ ವಾದಕ್ಕೆ ಎದುರಾಗಿ ನಿಲ್ಲಬಲ್ಲ ಮಾತು ಒಂದೇ. ಅದು ರಸಿಕರಿಂದ ಬರುವುದಲ್ಲ, ಕುಡಿಯುವವನ ಹೆಂಡತಿಯಿಂದ ಬರುವುದು. ಅಭಿರುಚಿಯ ಚರ್ಚೆಯೇ ಗಂಡಸರ ವಿಲಾಸ. ಕೂಲಿಯ ಹಣ ಹೆಂಡಕ್ಕೆ ಹೋದರೇನು, ವೈನಿಗೆ ಹೋದರೇನು, ಒಲೆ ಉರಿಯುವುದಿಲ್ಲ ಎಂದು ಆಕೆ ಅಂದರೆ ಪ್ರತ್ಯುತ್ತರ ಕೊಡುವುದು ಸುಲಭವಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದದ್ದು ಯಾವ ಗ್ರಂಥವನ್ನೋದಿಯೂ ಅಲ್ಲ. ನಮ್ಮ ಸಂವಿಧಾನದ 47ನೆಯ ವಿಧಿಯು ಪಾನನಿರೋಧವನ್ನು ರಾಜ್ಯದ ಗುರಿಯಾಗಿ ಇಟ್ಟಿರುವುದರ ಹಿಂದೆ ಈ ವೇದನೆಯಿದೆ. ಸಿರಾದಿಂದ ಆಚೆಗೆ, ಚಿತ್ರದುರ್ಗದ ಸೀಮೆಯ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದುರುಳಿಸಿ ಸೆರೆಮನೆಗೆ ಹೋದರು. ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ಪಾನನಿರೋಧವು ಸಡಿಲವಾಯಿತು. ಇದನ್ನು ಆ ಸಜ್ಜನರ ಮೇಲಣ ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಮರವನ್ನು ಕಡಿಯುವುದು ಸಾಧ್ಯವಾದಷ್ಟು ಸುಲಭವಾಗಿ ಬೊಕ್ಕಸದ ಬಾಯಾರಿಕೆಯನ್ನು ಕಡಿಯುವುದು ಅಂಥವರಿಂದಲೂ ಆಗಲಿಲ್ಲ. ಪಾನವು ಪೂರ್ಣವಾಗಿ ನಿಲ್ಲುವುದಾದರೆ ಆ ಹೆಂಡತಿಯ ಪಕ್ಷಕ್ಕೆ ನನ್ನ ಮತವಿದೆ. ಆದರೆ ಈಗ ನಡೆದಿರುವುದು ನಿಲುಗಡೆಯಲ್ಲ. ಬಡವನ ಹಗುರವಾದ ಪಾನವನ್ನು ಕಿತ್ತುಕೊಂಡು ಭಾರವಾದುದನ್ನು ಮಾರುವ ವ್ಯಾಪಾರ, ಅದರಿಂದ ಆಕೆಯ ಒಲೆಗೆ ಒಂದು ಸೌದೆಯೂ ಹೆಚ್ಚಾಗಿ ಬಂದಿಲ್ಲ.

ಹೆಂಡಕ್ಕೆ ಮತ್ತೆ ಅನುಮತಿ ಬೇಕೆಂದು ಈಡಿಗ ಸಮುದಾಯದವರು ಕೇಳುತ್ತಲೇ ಇದ್ದಾರೆ. ಕೊಡುವುದಾದರೆ ಗುತ್ತಿಗೆದಾರನಿಗೆ ಕೊಡಬಾರದು, ಮರವೇರುವವನಿಗೇ ಕೊಡಬೇಕು. ಇಳಿಸಿದ ಊರಿನಲ್ಲಿಯೇ, ಇಳಿಸಿದ ದಿನವೇ ಮಾರಿ ಮುಗಿಯತಕ್ಕದ್ದೆಂಬ ಷರತ್ತಿರಬೇಕು, ಏಕೆಂದರೆ ದೂರ ಸಾಗಿಸುವ ಆಸೆ ಹುಟ್ಟಿದ ದಿನವೇ ಪುಡಿಯೂ ಹುಟ್ಟಿತು. ಅನುಮತಿಯ ಪ್ರಶ್ನೆಯನ್ನು ಆಯಾ ಊರಿನ ಗ್ರಾಮಸಭೆಯಲ್ಲಿ ಹೆಂಗಸರ ಮುಂದಿಡಬೇಕು; ಅವರು ಬೇಡವೆಂದರೆ ಆ ಊರಿನಲ್ಲಿ ಹೆಂಡವೂ ಬೇಡ, ಪೊಟ್ಟಣದ ಅಂಗಡಿಯೂ ಬೇಡ, ದೊಡ್ಡಬಳ್ಳಾಪುರದ ವೈನೂ ಬೇಡ.