ಅತಿಥಿಯೂ ಹಾದಿಯೂ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದುವುದಕ್ಕೆ ಒಂದು ಕ್ರಮವಿದೆ. ಹಾಳೆ ಹರಿಯದಂತೆ, ಮಸಿ ಚೆಲ್ಲದಂತೆ, ಮುಂದೆ ಓದುವವನಿಗೂ ಅದು ಉಳಿಯುವಂತೆ ಓದಬೇಕು. ದೇಶ ಸುತ್ತುವುದಕ್ಕೂ ಅಂಥದೇ ಒಂದು ಕ್ರಮ ಬೇಡವೆ? ನಾವು ನೋಡಿ ಬಂದ ಊರು ನಮ್ಮ ಅನಂತರ ಬರುವವರಿಗೂ, ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿಯೇ ಹುಟ್ಟಿ ಬಾಳುವವರಿಗೂ ಕೆಡದೆ ಉಳಿಯಬೇಕು. ಈ ಕ್ರಮವನ್ನು ನಾವು ಇನ್ನೂ ಚೆನ್ನಾಗಿ ಕಲಿತಿಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ಮಂಡ್ಯ ಜಿಲ್ಲೆಯನ್ನೇ ನೋಡೋಣ. ಒಂದು ಕಡೆ ಬೆಂಗಳೂರು, ಮತ್ತೊಂದು ಕಡೆ ಮೈಸೂರು. ನಡುವೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಕೃಷ್ಣರಾಜಸಾಗರದ ಬೃಂದಾವನ, 1940ರಲ್ಲಿ ಪಕ್ಷಿಧಾಮವೆನಿಸಿದ ರಂಗನತಿಟ್ಟು, ಮೇಲುಕೋಟೆಯ ಬೆಟ್ಟ, ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತ ಇವೆಲ್ಲವೂ ಈ ಜಿಲ್ಲೆಯ ಹೆಗ್ಗಳಿಕೆಗಳು. ಮೈಸೂರಂತೂ ಪ್ರವಾಸಿಗರ ತವರು. ದಸರೆಯ ಹತ್ತು ದಿನಗಳಲ್ಲಿ ಅರಮನೆಯ ಸುತ್ತಲಿನ ಬೀದಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಇಷ್ಟು ಜನರು ಯಾವ ಹಾದಿಯಲ್ಲಿ ಬರಬೇಕು, ಹೇಗೆ ಬರಬೇಕು ಎಂಬುದು ಮೈಸೂರಿನ ಪ್ರಶ್ನೆ ಮಾತ್ರವಲ್ಲ. ಹಾದಿಯುದ್ದಕ್ಕೂ ಇರುವ ನಮ್ಮ ಊರುಗಳ ಪ್ರಶ್ನೆಯೂ ಹೌದು.

ಹಿಂದೆ ಈ ಪ್ರಶ್ನೆಗೆ ಉತ್ತರ ಸರಳವಾಗಿತ್ತು. 1882ರ ವೇಳೆಗೆ ಬೆಂಗಳೂರಿನಿಂದ ಹೊರಟ ರೈಲು ಮೈಸೂರನ್ನು ತಲುಪಿತು. ದೂರದ ಪ್ರಯಾಣಕ್ಕೆ ರೈಲು, ಅಲ್ಲಿಂದ ಮುಂದಕ್ಕೆ ಜಟಕಾ, ಎತ್ತಿನ ಗಾಡಿ ಅಥವಾ ಕಾಲ್ನಡಿಗೆ, ಇದೇ ರೂಢಿಯಾಗಿತ್ತು. ಮದ್ದೂರಿನ ವಡೆಯ ಕೀರ್ತಿ ನಾಡೆಲ್ಲ ಹರಡಿದುದು ರೈಲು ನಿಲ್ದಾಣದಿಂದ ಎಂಬುದನ್ನು ನೆನೆದರೆ, ರೈಲು ನಿಂತ ಊರಿಗೂ ಒಂದಿಷ್ಟು ಬಾಳು ಬರುತ್ತಿತ್ತೆಂಬುದು ತಿಳಿಯುತ್ತದೆ. ಪ್ರಯಾಣಿಕನು ಊರನ್ನು ಕಾಣುತ್ತಿದ್ದನು. ಊರು ಪ್ರಯಾಣಿಕನನ್ನು ಕಾಣುತ್ತಿತ್ತು.

ಕಾಲ ಬದಲಾಯಿತು. ಕಾರುಗಳು ಹೆಚ್ಚಿದವು, ಹಳೆಯ ರಸ್ತೆ ಸಾಲದಾಯಿತು. ವಾರದ ಕೊನೆಯಲ್ಲಿ ಮದ್ದೂರು, ಮಂಡ್ಯ ಪೇಟೆಗಳ ನಡುವೆ ವಾಹನಗಳು ಇರುವೆಗಳ ಸಾಲಿನಂತೆ ನಿಲ್ಲುತ್ತಿದ್ದವು. ಈ ತೊಂದರೆಯನ್ನು ನೀಗಲೆಂದು ಸುಮಾರು 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯನ್ನು ನಿರ್ಮಿಸಿ, 2023ರ ಮಾರ್ಚ್ 12ರಂದು ಉದ್ಘಾಟಿಸಲಾಯಿತು. ನಡುವೆ ಆರು ಪಥಗಳ ವೇಗದ ರಸ್ತೆ, ಎರಡು ಮಗ್ಗುಲಿಗೂ ಸರ್ವೀಸ್ ರಸ್ತೆ. ಇದರಿಂದ ಆದ ಒಳಿತನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಪೇಟೆಯ ಬೀದಿಗಳಲ್ಲಿ ಹೊಗೆಯೂ ಸದ್ದೂ ಕಡಿಮೆಯಾದವು. ಕಾಯಿಲೆಯವರನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಸುಲಭವಾಯಿತು.

ಆದರೆ ವೇಗಕ್ಕೂ ಒಂದು ಬೆಲೆಯಿದೆ. ಹೆದ್ದಾರಿ ತೆರೆದ ಮೊದಲ ತಿಂಗಳುಗಳಲ್ಲಿಯೇ ಅನೇಕ ಅಪಘಾತಗಳಾಗಿ, ಹಲವರು ಪ್ರಾಣ ಕಳೆದುಕೊಂಡರು. ಆದುದರಿಂದ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಮೊದಲಾದ ನಿಧಾನದ ವಾಹನಗಳನ್ನು ನಡುವಣ ಪಥಗಳಿಂದ ದೂರವಿರಿಸಲಾಯಿತು. ಪ್ರಾಣರಕ್ಷಣೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೂ ಇದರ ಅರ್ಥವನ್ನು ಕೊಂಚ ಯೋಚಿಸಿ. ದೂರದಿಂದ ಬಂದು ಹೋಗುವವನಿಗೆ ಅಗಲವಾದ ಹಾದಿ; ಕಬ್ಬು ತುಂಬಿದ ಗಾಡಿಗೆ, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಬಾಲಕಿಗೆ, ಸಂತೆಗೆ ನಡೆಯುವ ಮುದುಕಿಗೆ ಉಳಿದುದು ಪಕ್ಕದ ಇಕ್ಕಟ್ಟಾದ ಹಾದಿ. ಹೆದ್ದಾರಿಯ ಅಂಚಿನಲ್ಲಿ ನಿಂತಿದ್ದ ವೃದ್ಧ ರೈತರೊಬ್ಬರು ಒಮ್ಮೆ ನನ್ನೊಡನೆ ಹೇಳಿದರು: "ಮೊದಲು ರಸ್ತೆ ದಾಟುದ್ರೆ ಗದ್ದೆ ಕಣಪ್ಪ. ಈಗ ಗದ್ದೆ ಕಣ್ಣಿಗೆ ಕಾಣ್ತದೆ, ಕಾಲಿಗೆ ಸಿಗಾಕಿಲ್ಲ." ಆ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ಅದು ನನ್ನ ಮನಸ್ಸಿನಲ್ಲಿ ಉಳಿಯಿತು.

ಹಾದಿಯನ್ನು ಇನ್ನಷ್ಟು ಅಗಲ ಮಾಡಿದರೆ ಎಲ್ಲವೂ ಸರಿಹೋದೀತೆ? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಬಸ್ಸಿನಲ್ಲಿ ಸುಮಾರು ಐವತ್ತು ಜನ ಕುಳಿತು ಹೋಗಬಹುದು. ಆ ಬಸ್ಸಿನ ಉದ್ದ ಸುಮಾರು 12 ಮೀಟರ್. ಅದೇ ಐವತ್ತು ಜನ ಒಂದೊಂದು ಕಾರಿನಲ್ಲಿ ಇಬ್ಬರೋ ಮೂವರೋ ಆಗಿ ಹೊರಟರೆ ಇಪ್ಪತ್ತು ಕಾರುಗಳಾದರೂ ಬೇಕು. ಒಂದಕ್ಕೊಂದು ಅಂಟಿಸಿ ನಿಲ್ಲಿಸಿದರೂ ಅವು 80 ಮೀಟರ್ ಜಾಗವನ್ನು ನುಂಗುತ್ತವೆ. ಓಡುವಾಗ ಬೇಕಾಗುವ ಅಂತರವನ್ನು ಸೇರಿಸಿದರೆ ಇನ್ನೂ ಎಷ್ಟೋ ಹೆಚ್ಚು. ಹೆದ್ದಾರಿಯನ್ನು ಅಗಲ ಮಾಡಬಹುದು. ಆದರೆ ಶ್ರೀರಂಗಪಟ್ಟಣದ ಕೋಟೆಯ ಬಾಗಿಲನ್ನು ಅಗಲ ಮಾಡಬಹುದೆ? ಮೇಲುಕೋಟೆಯ ಬೀದಿಯನ್ನು ಹಿಗ್ಗಿಸಬಹುದೆ? ರಂಗನತಿಟ್ಟಿನ ಹಕ್ಕಿಗಳಿಗೆ ಸದ್ದನ್ನು ಸಹಿಸಿರೆಂದು ಹೇಳಬಹುದೆ? ವೇಗದ ಹಾದಿ ಜನದಟ್ಟಣೆಯನ್ನು ಕರಗಿಸುವುದಿಲ್ಲ. ಅದನ್ನು ಬೇಗನೆ ತಂದು ಊರ ಬಾಗಿಲಲ್ಲಿ ಸುರಿಯುತ್ತದೆ, ಅಷ್ಟೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ರೈಲನ್ನು ಮತ್ತೆ ಪ್ರವಾಸದ ಬೆನ್ನೆಲುಬಾಗಿಸಬೇಕು. ಬೆಂಗಳೂರು ಮೈಸೂರುಗಳ ನಡುವಣ ರೈಲುಮಾರ್ಗ ಈಗ ಜೋಡಿಮಾರ್ಗವಾಗಿದೆ. ವಿದ್ಯುತ್ತಿನಿಂದ ಓಡುವ ರೈಲುಗಳು ಬಂದಿವೆ. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಲ್ಲಿ ರೈಲು ಇಳಿದವರಿಗೆ ನಿಲ್ದಾಣದ ಹೊರಗೆ ಬಸ್ಸು ಸಿದ್ಧವಾಗಿರುವಂತೆ ವೇಳೆಯನ್ನು ಹೊಂದಿಸಬೇಕು. ಮಳವಳ್ಳಿಗೆ ರೈಲು ಇಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆದರೆ ಆ ನೀರನ್ನು ನೋಡಬಯಸುವವರು ಇಂದಿಗೂ ರಸ್ತೆಯನ್ನೇ ನಂಬಬೇಕು. ಆದುದರಿಂದ ಮದ್ದೂರಿನಿಂದಲೂ ಮಂಡ್ಯದಿಂದಲೂ ಮಳವಳ್ಳಿಯ ಮಾರ್ಗವಾಗಿ ಗಗನಚುಕ್ಕಿಗೆ ರಜೆಯ ದಿನಗಳಲ್ಲಿ ಹೆಚ್ಚು ಬಸ್ಸುಗಳು ಬೇಕು. 2023ರ ಜೂನ್ 11ರಿಂದ ನಾಡಿನ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಊರನ್ನು ಬಿಟ್ಟು ಕದಲದಿದ್ದ ಎಷ್ಟೋ ತಾಯಂದಿರು ಇದರಿಂದ ಕ್ಷೇತ್ರಗಳನ್ನು ಕಂಡರು. ಅವರು ನಿಂತೇ ಪ್ರಯಾಣ ಮಾಡದಂತೆ ಬಸ್ಸುಗಳ ಸಂಖ್ಯೆಯನ್ನು ಹೆಚ್ಚಿಸುವುದು ಮುಂದಿನ ಕರ್ತವ್ಯ.

ಎರಡನೆಯದಾಗಿ, ಕಾರುಗಳು ಊರಿನ ಅಂಚಿನಲ್ಲಿಯೇ ನಿಲ್ಲಬೇಕು. ಮಹಾರಾಷ್ಟ್ರದ ಮಾಥೇರಾನ್ ಎಂಬ ಗಿರಿಧಾಮದಲ್ಲಿ ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ. ಬೆಟ್ಟದ ಬಾಗಿಲಲ್ಲಿ ಅವನ್ನು ಬಿಟ್ಟು ಒಳಗೆ ಹೋಗಬೇಕು. ಅದರಿಂದ ಆ ಊರಿಗೆ ಹೋಗುವವರು ಇಲ್ಲವಾಗಿಲ್ಲ. ಇಟಲಿಯ ವೆನಿಸ್ ನಗರವು ಪ್ರವಾಸಿಗರ ಭಾರವನ್ನು ತಾಳಲಾರದೆ, 2024ರಿಂದ ದಟ್ಟಣೆಯ ಕೆಲವು ದಿನಗಳಲ್ಲಿ ಒಂದು ಹಗಲಿಗೆಂದು ಬರುವವರಿಂದ ಶುಲ್ಕವನ್ನು ಪಡೆಯತೊಡಗಿತು. ನಮ್ಮ ನಾಡಿಗೂ ಇಂಥ ಸಂಯಮ ಹೊಸದೇನಲ್ಲ. ಬಂಡೀಪುರದ ಕಾಡುಪ್ರಾಣಿಗಳ ಹಿತಕ್ಕಾಗಿ 2009ರಿಂದ ಅಲ್ಲಿ ರಾತ್ರಿಯ ಸಂಚಾರವನ್ನು ನಿರ್ಬಂಧಿಸಲಾಗಿದೆ. ಮೈಸೂರಿನಲ್ಲಿ 2017ರಲ್ಲಿ 'ಟ್ರಿನ್ ಟ್ರಿನ್' ಎಂಬ ಬಾಡಿಗೆ ಸೈಕಲ್ಲುಗಳ ಯೋಜನೆ ಆರಂಭವಾಯಿತು. ದಸರೆಯ ಕಾಲದಲ್ಲಿ ಹೊರಗಿನ ಕಾರುಗಳನ್ನು ನಗರದ ಹೊರಗೆ ನಿಲ್ಲಿಸಿ, ಒಳಗೆ ಬಸ್ಸು, ಸೈಕಲ್ಲು, ಕಾಲ್ನಡಿಗೆಗಳನ್ನೇ ನೆಚ್ಚಿದರೆ ದೀಪಾಲಂಕಾರದ ಸೊಗಸನ್ನು ಹೊಗೆಯಿಲ್ಲದೆ ನೋಡಬಹುದು.

ಮೂರನೆಯದಾಗಿ, ಅತಿಥಿಯ ಹಾದಿಯನ್ನು ನಿರ್ಮಿಸುವಾಗ ಮನೆಯವನ ಹಾದಿಯನ್ನು ಮರೆಯಬಾರದು. ಹಳ್ಳಿ ಇದ್ದೆಡೆಯಲ್ಲೆಲ್ಲ ದಾಟಲು ಸುರಕ್ಷಿತವಾದ ಕೆಳಸೇತುವೆ ಅಥವಾ ಕಾಲುಸೇತುವೆ, ನಡೆಯುವವರಿಗೆ ಕಾಲುದಾರಿ, ನೆರಳಿರುವ ಬಸ್ಸು ತಂಗುದಾಣ ಇವು ಹೆದ್ದಾರಿಯ ಅಲಂಕಾರಗಳಲ್ಲ. ಅದರ ಅವಿಭಾಜ್ಯ ಅಂಗಗಳು.

ಇದಕ್ಕೆ ಆಕ್ಷೇಪಗಳಿರಬಹುದು. ವಯಸ್ಸಾದ ತಂದೆತಾಯಿಯರನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಕರೆದೊಯ್ಯುವುದು ಹೇಗೆ ಎಂದು ಒಬ್ಬರು ಕೇಳಬಹುದು. ಅಂಥವರಿಗೆ ಕಾರು ಬೇಕು, ಇರಲಿ. ಕೈಕಾಲು ಗಟ್ಟಿಯಿರುವ ನಾವು ರೈಲನ್ನೂ ಬಸ್ಸನ್ನೂ ಹತ್ತಿದರೆ ಅವರ ಹಾದಿಯೂ ಸುಗಮವಾಗುತ್ತದೆ. ಕಾರುಗಳನ್ನು ತಡೆದರೆ ವ್ಯಾಪಾರ ಕೆಡುವುದೆಂದು ಮತ್ತೊಬ್ಬರು ಹೇಳಬಹುದು. ಆದರೆ ನೂರು ಕಿಲೋಮೀಟರ್ ವೇಗದಲ್ಲಿ ಮೇಲುಸೇತುವೆಯ ಮೇಲೆ ಹಾದುಹೋಗುವವನು ಮದ್ದೂರಿನಲ್ಲಿ ಏನನ್ನು ಕೊಂಡಾನು? ನಿಲ್ದಾಣದಲ್ಲಿ ಇಳಿದು ಬಸ್ಸಿಗಾಗಿ ಕಾಲು ಗಂಟೆ ನಿಂತವನೇ ಎಳನೀರು ಕುಡಿಯುತ್ತಾನೆ, ವಡೆ ತಿನ್ನುತ್ತಾನೆ, ಮನೆಗೆ ಒಂದಚ್ಚು ಬೆಲ್ಲ ಒಯ್ಯುತ್ತಾನೆ.

ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿಯಿದೆ. ವರ್ಷವರ್ಷವೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿಗೆ ಬಂದು, ಮನೆಗಳ ನಡುವಣ ಹುಣಿಸೆಯ ಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿಕೊಂಡು ಹೋಗುತ್ತವೆ. ಊರವರು ಅವನ್ನು ಹೆರಿಗೆಗೆ ಬಂದ ಮನೆಮಗಳಂತೆ ಕಾಣುತ್ತಾರೆ. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಆ ನೆಲೆಯನ್ನು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. ಅವೂ ನೆಂಟರೇ. ಆದರೆ ಬಂದ ಊರನ್ನು ಅವು ಕೆಡಿಸುವುದಿಲ್ಲ. ಮರುವರ್ಷ ಬಂದಾಗ ಅದೇ ಮರ, ಅದೇ ಊರು ಅವುಗಳಿಗಾಗಿ ಕಾದಿರುತ್ತವೆ.

ಅತಿಥಿಯನ್ನು ಆದರಿಸುವುದು ನಮ್ಮ ಸಂಪ್ರದಾಯ. ಅತಿಥಿಯ ಧರ್ಮವೊಂದಿದೆ ಎಂಬುದನ್ನೂ ನಾವು ಅರಿಯಬೇಕು; ಏಕೆಂದರೆ ಇಂದು ಆತಿಥ್ಯ ನೀಡುವ ನಾವೇ ನಾಳೆ ಇನ್ನೊಂದು ಊರಿಗೆ ಅತಿಥಿಗಳು. ಮುಂದಿನ ಬಾರಿ ನಿಮ್ಮ ಶಾಲೆಯಿಂದ ಪ್ರವಾಸ ಹೊರಡುವಾಗ, ಯಾವ ಸ್ಥಳಗಳನ್ನು ನೋಡಬೇಕೆಂದು ಪಟ್ಟಿ ಮಾಡುವುದಕ್ಕೆ ಮೊದಲು, ಅಲ್ಲಿಗೆ ಹೇಗೆ ಹೋಗಬೇಕೆಂಬುದನ್ನು ಗುರುಗಳೊಡನೆ ಕುಳಿತು ಯೋಚಿಸಿರಿ. ದೇಶ ಸುತ್ತುವ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.